ಒಂದೇ ಧಾತು, ಹತ್ತಾರು ಪದ: ಇಂಗ್ಲಿಷ್ ಶಬ್ದಸಂಪತ್ತು ಬೆಳೆಸುವ ಬಗೆ

ಇನ್‌ಸ್ಪೆಕ್ಟರ್, ರೆಸ್ಪೆಕ್ಟ್, ಪ್ರಾಸ್ಪೆಕ್ಟಸ್. ಈ ಮೂರು ಇಂಗ್ಲಿಷ್ ಪದಗಳನ್ನು ಕೇಳದ ಕನ್ನಡಿಗರು ಕಡಿಮೆ. ಮೂರರಲ್ಲೂ ಎಸ್, ಪಿ, ಇ, ಸಿ, ಟಿ ಎಂಬ ಐದು ಅಕ್ಷರಗಳು ಇದೇ ಕ್ರಮದಲ್ಲಿ ಬರುತ್ತವೆ. ಇವುಗಳ ಮೂಲ ‘ನೋಡು’ ಎಂಬ ಅರ್ಥದ ಲ್ಯಾಟಿನ್ ಧಾತು. ಸಂಸ್ಕೃತದಲ್ಲಿ ‘ನೋಡುತ್ತಾನೆ’ ಎಂಬರ್ಥದ ‘ಪಶ್ಯತಿ’, ಗೂಢಚಾರ ಎಂಬರ್ಥದ ‘ಸ್ಪಶ’ ಕೂಡ ಆ ಲ್ಯಾಟಿನ್ ಧಾತುವಿನ ಬಳಗದವೇ.

ಧಾತುವಿನ ಹಿಂದೆ ಉಪಸರ್ಗ ಸೇರಿ ಅರ್ಥ ಬದಲಾಗುವುದು ಕನ್ನಡದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂಬ ಪದಗಳನ್ನು ಅವರು ಶಾಲೆಯಲ್ಲೇ ಕಲಿತಿರುತ್ತಾರೆ. ಇಂಗ್ಲಿಷಿನಲ್ಲಿಯೂ ಇದೇ ವ್ಯವಸ್ಥೆ ಇದೆ. ಪದಪಟ್ಟಿಯನ್ನು ಎ ಯಿಂದ ಝಡ್‌ವರೆಗೆ ಬಾಯಿಪಾಠ ಮಾಡುವುದಕ್ಕಿಂತ ಧಾತು ಹಿಡಿದು ಕಲಿಯುವುದು ಲೇಸು.

ಮೊದಲ ಹಂತದಲ್ಲಿ, ಗೊತ್ತಿರುವ ಪದವೊಂದನ್ನು ಆರಿಸಿ ಅದರ ಧಾತುವನ್ನು ನೋಟ್‌ಬುಕ್‌ನ ಪುಟದ ನಡುವೆ ಬರೆದುಕೊಳ್ಳಬೇಕು. ಒಂದು ಪುಟಕ್ಕೆ ಒಂದೇ ಧಾತು ಸಾಕು.

ಎರಡನೆಯದು ಉಪಸರ್ಗ ಸೇರಿಸುವ ಹಂತ. ಹೆಚ್ಚಿನ ಸಮಯ ಇಲ್ಲಿಯೇ ಕೊಡಬೇಕು. ‘ಇನ್’ ಎಂದರೆ ಒಳಗೆ; ಒಳಹೊಕ್ಕು ನೋಡುವುದು ಇನ್‌ಸ್ಪೆಕ್ಟ್, ಅಂದರೆ ತಪಾಸಣೆ. ‘ರೀ’ ಎಂದರೆ ಮರಳಿ. ಮತ್ತೆ ತಿರುಗಿ ನೋಡುವಷ್ಟು ಗಣನೆ ಕೊಡುವುದು ರೆಸ್ಪೆಕ್ಟ್, ಅಂದರೆ ಗೌರವ. ‘ಸಬ್’ ಎಂದರೆ ಕೆಳಗೆ. ಕೆಳಗಿನಿಂದ ಕಳ್ಳನೋಟ ಬೀರುವುದು ಸಸ್ಪೆಕ್ಟ್, ಅಂದರೆ ಶಂಕಿಸುವುದು. ಎಸ್ ಎದುರಾದಾಗ ಇಲ್ಲಿ ‘ಸಬ್’ನ ಬಿ ಲೋಪವಾಗಿದೆ. ‘ಪ್ರೊ’ ಎಂದರೆ ಮುಂದೆ. ಮುಂದಿನ ಸಾಧ್ಯತೆ ಪ್ರಾಸ್ಪೆಕ್ಟ್. ಕಾಲೇಜಿನ ಕೋರ್ಸು, ಶುಲ್ಕಗಳ ಮುನ್ನೋಟ ಕೊಡುವ ಪುಸ್ತಿಕೆಯೇ ಪ್ರಾಸ್ಪೆಕ್ಟಸ್. ‘ರೆಟ್ರೊ’ ಸೇರಿದರೆ ಹಿನ್ನೋಟ, ‘ಇಂಟ್ರೊ’ ಸೇರಿದರೆ ತನ್ನೊಳಗನ್ನೇ ನೋಡಿಕೊಳ್ಳುವ ಇಂಟ್ರೊಸ್ಪೆಕ್ಷನ್, ಎಂದರೆ ಆತ್ಮಾವಲೋಕನ. ‘ಸರ್ಕಮ್’ ಎಂದರೆ ಸುತ್ತಲೂ. ಸರ್ಕಮ್‌ಸ್ಪೆಕ್ಟ್ ಎಂಬ ಪದ ಹೆಚ್ಚಿನವರಿಗೆ ಕಷ್ಟವೆನಿಸುತ್ತದೆ. ಆದರೆ ಹಿಂದುಮುಂದು ನೋಡಿ ಹೆಜ್ಜೆಯಿಡುವವರು ಎಂದು ಕನ್ನಡದಲ್ಲಿ ಹೇಳುವುದು ಇಂಥವರನ್ನೇ.

ಮೂರನೆಯ ಹಂತದಲ್ಲಿ ಧಾತುವಿನ ಮುಂದೆ ಪ್ರತ್ಯಯ ಸೇರುವ ಪದಗಳನ್ನು ಬರೆಯಬೇಕು. ನೋಡುವವರು ಸ್ಪೆಕ್ಟೇಟರ್, ಪ್ರೇಕ್ಷಕರು. ನೋಡತಕ್ಕ ಅದ್ಭುತ ದೃಶ್ಯ ಸ್ಪೆಕ್ಟಕಲ್. ಅದರ ಬಹುವಚನ ಸ್ಪೆಕ್ಟಕಲ್ಸ್‌ಗೆ ಕನ್ನಡಕ ಎಂಬ ಅರ್ಥವೂ ಇದೆ. ಕಣ್ಣಿಗೆ ಕಾಣುವ ರೂಪ ಎಂಬ ಅರ್ಥದ ‘ಸ್ಪೆಕ್ಟ್ರಮ್’ ಪದವನ್ನು, ಪಟ್ಟಕದ ಮೂಲಕ ಹಾಯ್ದ ಬಿಳಿಬೆಳಕಿನ ಬಣ್ಣಗಳ ಸಾಲಿಗೆ ಐಸಾಕ್ ನ್ಯೂಟನ್ 1672ರಲ್ಲಿ ಪ್ರಕಟವಾದ ಬರಹದಲ್ಲಿ ಬಳಸಿದರು. ಅದೇ ಪದ ಮುಂದೆ ರೇಡಿಯೊ ಅಲೆಗಳಿಗೂ ಸಂದಿತು. ಪತ್ರಿಕೆಗಳಲ್ಲಿ ಬರುವ ತರಂಗಾಂತರ ಹರಾಜು ಇದೇ ಸ್ಪೆಕ್ಟ್ರಮ್‌ನದು.

ನಾಲ್ಕನೆಯ ಹಂತ ಕಾಗುಣಿತದ್ದು. ನಿರೀಕ್ಷಿಸು ಎಂಬ ಅರ್ಥದ ಎಕ್ಸ್‌ಪೆಕ್ಟ್ ಕೂಡ ಇದೇ ಬಳಗದ್ದು. ಹೊರಗೆ ಎಂಬರ್ಥದ ‘ಎಕ್ಸ್’ನ ಕೊನೆಗೆ ಎಸ್ ಧ್ವನಿ ಈಗಾಗಲೇ ಇರುವುದರಿಂದ ಎಕ್ಸ್ ಅಕ್ಷರವಾದ ಮೇಲೆ ನೇರವಾಗಿ ಪಿ ಬರೆಯಬೇಕು, ನಡುವೆ ಎಸ್ ಸೇರಿಸಬಾರದು. ಅರ್ಜಿ ಬರೆಯುವವರು ಇನ್ನೊಂದು ಜೋಡಿಯನ್ನು ಗಮನಿಸಬೇಕು. ರೆಸ್ಪೆಕ್ಟ್‌ಫುಲಿ ಎಂದರೆ ಗೌರವಪೂರ್ವಕವಾಗಿ, ರೆಸ್ಪೆಕ್ಟಿವ್ಲಿ ಎಂದರೆ ಕ್ರಮವಾಗಿ. ಪತ್ರದ ಕೊನೆಯಲ್ಲಿ, ಸಹಿಯ ಮೇಲೆ ಬರಬೇಕಾದದ್ದು ಮೊದಲನೆಯದು.

ಐದನೆಯ ಹಂತವನ್ನು ಬಿಟ್ಟರೆ ಈ ವಿಧಾನವೇ ದಾರಿ ತಪ್ಪಿಸುತ್ತದೆ. ಅಕ್ಷರಗಳು ಒಂದೇ ಆದ ಮಾತ್ರಕ್ಕೆ ಧಾತು ಒಂದೇ ಆಗಬೇಕೆಂದಿಲ್ಲ. ಪಿ, ಇ, ಡಿ ಸೇರಿದ ಲ್ಯಾಟಿನ್ ಧಾತುವಿಗೆ ಪಾದ ಎಂಬ ಅರ್ಥ. ಸೈಕಲ್ಲಿನ ಪೆಡಲ್, ಪಾದಚಾರಿ ಎಂಬರ್ಥದ ಪೆಡೆಸ್ಟ್ರಿಯನ್ ಬಂದದ್ದು ಇದರಿಂದಲೇ. ಅದೇ ಲೆಕ್ಕದಲ್ಲಿ ಪೀಡಿಯಾಟ್ರಿಷಿಯನ್ ಪದಕ್ಕೆ ಕಾಲಿನ ವೈದ್ಯರೆಂದು ಅರ್ಥ ಮಾಡಿದರೆ ತಪ್ಪು. ಅವರು ಮಕ್ಕಳ ವೈದ್ಯರು. ಆ ಪದ ಗ್ರೀಕ್ ಭಾಷೆಯ ‘ಮಗು’ ಎಂಬ ಪದದಿಂದ ಬಂದಿದೆ. ಬ್ರಿಟಿಷ್ ಕಾಗುಣಿತದಲ್ಲಿ ಪಿ ಆದ ಮೇಲೆ ಎ ಅಕ್ಷರ ಇರುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ, ಅಮೆರಿಕನ್ ಕಾಗುಣಿತದಲ್ಲಿ ಆ ಸುಳಿವೂ ಇಲ್ಲ. ಹಾಗಾಗಿ ಹೊಸ ಪದವನ್ನು ಪುಟಕ್ಕೆ ಸೇರಿಸುವ ಮುನ್ನ ನಿಘಂಟು ತೆರೆಯಲೇಬೇಕು. ದೊಡ್ಡ ಇಂಗ್ಲಿಷ್ ನಿಘಂಟುಗಳು ಪದದ ವ್ಯುತ್ಪತ್ತಿಯನ್ನೂ ಕೊಡುತ್ತವೆ. ಕನ್ನಡದ ಅರ್ಥಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಇದೆ.

ಈ ಪುಟ ತುಂಬಿದ ಮೇಲೆ ಹೊರು, ಸಾಗಿಸು ಎಂಬರ್ಥದ ‘ಪೋರ್ಟ್’ ಎತ್ತಿಕೊಳ್ಳಬಹುದು: ಇಂಪೋರ್ಟ್ ಆಮದು, ಎಕ್ಸ್‌ಪೋರ್ಟ್ ರಫ್ತು, ಟ್ರಾನ್ಸ್‌ಪೋರ್ಟ್ ಸಾಗಣೆ. ಹೇಳು ಎಂಬರ್ಥದ ‘ಡಿಕ್ಟ್’ನಿಂದ ಮುನ್ನುಡಿಯುವ ಪ್ರೆಡಿಕ್ಟ್, ಎದುರು ನುಡಿಯುವ ಕಾಂಟ್ರಡಿಕ್ಟ್ ಸಿಗುತ್ತವೆ. ಬರೆ ಎಂಬರ್ಥದ ಧಾತು ಮಾತ್ರ ರೂಪ ಬದಲಿಸುತ್ತದೆ. ಕ್ರಿಯಾಪದವಾದ ಪ್ರಿಸ್ಕ್ರೈಬ್‌ನಲ್ಲಿ ಬಿ ಇದ್ದರೆ, ವೈದ್ಯರ ಚೀಟಿ ಪ್ರಿಸ್ಕ್ರಿಪ್ಷನ್‌ನಲ್ಲಿ ಆ ಜಾಗಕ್ಕೆ ಪಿ ಮತ್ತು ಟಿ ಬರುತ್ತವೆ.

ಬರೆದಿಟ್ಟ ಪ್ರತಿ ಪದಕ್ಕೂ ಸ್ವಂತದ ಒಂದು ವಾಕ್ಯ ಇರಬೇಕು. ಧಾತುವಿನಿಂದ ಅರ್ಥ ಊಹಿಸಬಹುದು, ಬಳಕೆ ಗೊತ್ತಾಗುವುದು ವಾಕ್ಯದಲ್ಲಿಯೇ.