ಪ್ಲಾನ್ ಏರಿಸುವ ಮುಂಚೆ ಮನೆಯೊಳಗೆ ನೋಡು

ನೋಡಪ್ಪಾ, ಊರಿನಿಂದ ಅಮ್ಮ ಫೋನ್ ಮಾಡಿ, ಧಾರಾವಾಹಿ ಮಧ್ಯದಲ್ಲೇ ನಿಂತು ಟಿವಿಯಲ್ಲಿ ಚಕ್ರ ತಿರುಗುತ್ತೆ ಅಂದಳು ಅಂತ ನೀನು ಬೆಂಗಳೂರಲ್ಲಿ ಕೂತೇ 100 ಎಂಬಿಪಿಎಸ್ ಪ್ಲಾನನ್ನು 300ಕ್ಕೆ ಏರಿಸಲು ಹೊರಟಿದ್ದೀಯ. ಸ್ವಲ್ಪ ತಡಿ. ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್, 4ಕೆಗೆ 15 ಸಾಕು ಎಂದು ನೆಟ್‌ಫ್ಲಿಕ್ಸ್‌ನವರೇ ಹೇಳುತ್ತಾರೆ. ಅಲ್ಲಿರುವುದು ಇಬ್ಬರು, ಓಡುವುದು ಒಂದು ಟಿವಿ. ಈಗಿರುವ ಪ್ಲಾನೇ ಅವರಿಗೆ ಧಾರಾಳ.

ಬೀದಿ ಕಂಬದಿಂದ ರೂಟರ್‌ವರೆಗೆ ಒಂದು ದಾರಿ, ರೂಟರ್‌ನಿಂದ ಟಿವಿವರೆಗೆ ಇನ್ನೊಂದು. ಕೆಟ್ಟಿರುವುದು ಯಾವುದು ಎಂದು ಮೊದಲು ತಿಳಿದುಕೋ. ಈ ಸಲ ಊರಿಗೆ ಹೋದಾಗ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ವೈಫೈಯಲ್ಲಿ ಫಾಸ್ಟ್ ಡಾಟ್ ಕಾಮ್ ತೆರೆದು, ರೂಟರ್ ಪಕ್ಕ ನಿಂತು ವೇಗ ನೋಡು. ಆಮೇಲೆ ಟಿವಿ ಹತ್ತಿರ ನಿಂತು ನೋಡು. ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟರ ಮೇಲೆ ಒಮ್ಮೆ. ರೂಟರ್ ಪಕ್ಕದಲ್ಲೇ ಕಡಿಮೆ ಬಂದರೆ ಕಂಪನಿಯವರನ್ನು ಕೇಳು. ತಿಂಗಳ ಡೇಟಾ ಮಿತಿ ದಾಟಿ ವೇಗ ಇಳಿಸಿದ್ದರೂ ಇಳಿಸಿರಬಹುದು. ಅಲ್ಲಿ ಚೆನ್ನಾಗಿದ್ದು ಟಿವಿ ಬಳಿ ಬಿದ್ದುಹೋದರೆ, ನೀನು ಎಷ್ಟು ದೊಡ್ಡ ಪ್ಲಾನ್ ಹಾಕಿಸಿದರೂ ಆ ಚಕ್ರ ನಿಲ್ಲುವುದಿಲ್ಲ.

ಹೆಚ್ಚಿನ ಮನೆಗಳಲ್ಲಿ ತೊಂದರೆ ಇರುವುದು ಇಲ್ಲೇ. ಫೈಬರ್ ಹಾಕಲು ಬಂದ ಹುಡುಗ ವೈರ್ ಎಳೆಯಲು ಸುಲಭವಾದ ಕಡೆ ರೂಟರ್ ಕೂರಿಸಿ ಹೋಗಿರುತ್ತಾನೆ. ಆಮೇಲೆ ಅದರ ಮುಂದೆ ಕಬ್ಬಿಣದ ಬೀರು ಬರುತ್ತದೆ, ಪಕ್ಕದಲ್ಲಿ ದೊಡ್ಡ ಕನ್ನಡಿ ಬರುತ್ತದೆ. ಲೋಹ ವೈಫೈಯನ್ನು ತಡೆಯುತ್ತದೆ. ಹಳೆ ಮನೆಗಳ ದಪ್ಪ ಮಣ್ಣಿನ ಗೋಡೆ, ಕರಾವಳಿಯ ಮುರಕಲ್ಲಿನ ಗೋಡೆಯೂ ಕಡಿಮೆಯೇನಲ್ಲ. 5 ಗಿಗಾಹರ್ಟ್ಸ್ ವೈಫೈ ವೇಗವಾದದ್ದು, ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ. ಅದಕ್ಕೆ ಅಕ್ಕಪಕ್ಕದ ಮನೆಗಳ ವೈಫೈ, ಮೈಕ್ರೋವೇವ್, ಬ್ಲೂಟೂತ್ ಎಲ್ಲದರ ಕಾಟ. ರೂಟರ್ ಟಿವಿಯ ಕೋಣೆಯಲ್ಲೇ ಇದ್ದರೆ 5ಕ್ಕೆ ಜೋಡಿಸು, ಎರಡು ಗೋಡೆ ಅಡ್ಡವಿದ್ದರೆ 2.4ಕ್ಕೆ.

ನನ್ನನ್ನು ಕೇಳಿದರೆ, ಸಾಧ್ಯವಾದ ಕಡೆಯೆಲ್ಲ ಲ್ಯಾನ್ ವೈರನ್ನೇ ಎಳೆಸು. ಎಷ್ಟೋ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್ ದಾಟುವುದಿಲ್ಲ, ಅದರ ಚಿಂತೆ ಬೇಡ. 4ಕೆಗೂ ಅದು ಬೇಕಾದಷ್ಟಾಯಿತು. ಒಂದು ವೈರ್ ಗೋಡೆಯಂಚಿಗೆ ಹೊಡೆದರೆ ವರ್ಷಗಟ್ಟಲೆ ಆ ಕಡೆ ನೋಡುವ ಕೆಲಸವಿಲ್ಲ.

ಟಿವಿಗೆ ಸ್ಟ್ರೀಮಿಂಗ್ ಸ್ಟಿಕ್ ಹಾಕಿದ್ದರೆ ಅದನ್ನೂ ಒಮ್ಮೆ ನೋಡು. ಟಿವಿಯ ಬೆನ್ನಿಗೆ ಅಂಟಿಕೊಂಡಿದ್ದರೆ ಬಿಸಿಯಾಗುತ್ತದೆ, ಸಿಗ್ನಲ್ಲೂ ಸರಿಯಾಗಿ ಸಿಗುವುದಿಲ್ಲ. ಡಬ್ಬಿಯಲ್ಲಿ ಬರುವ ಗಿಡ್ಡ ಎಚ್‌ಡಿಎಂಐ ಎಕ್ಸ್‌ಟೆಂಡರ್ ಅದಕ್ಕೇ ಇರುವುದು, ಎಸೆದಿದ್ದರೆ ಹುಡುಕಿ ಹಾಕು. ಕರೆಂಟನ್ನು ಟಿವಿಯ ಯುಎಸ್‌ಬಿಯಿಂದ ಕೊಡದೆ ಅದರದೇ ಅಡಾಪ್ಟರ್‌ನಿಂದ ಗೋಡೆಯ ಪ್ಲಗ್ಗಿಗೆ ಕೊಡು. ಬಳಸದ ಆ್ಯಪ್‌ಗಳನ್ನು ತೆಗೆದುಬಿಡು.

ಅಪ್ಪನ ಕ್ರಿಕೆಟ್ ಬೇರೆ ವಿಷಯ. ಸಿನಿಮಾ ಆದರೆ ಮುಂದಿನ ಭಾಗವನ್ನು ಟಿವಿ ಮೊದಲೇ ತರಿಸಿಟ್ಟುಕೊಳ್ಳುತ್ತದೆ. ಲೈವ್ ಮ್ಯಾಚ್‌ನಲ್ಲಿ ಮುಂದಿನ ಬಾಲ್ ಇನ್ನೂ ಬಿದ್ದೇ ಇರುವುದಿಲ್ಲವಲ್ಲ, ಹಾಗಾಗಿ ನೆಟ್ ಸ್ವಲ್ಪ ಅಲುಗಿದರೂ ಚಿತ್ರ ನಿಲ್ಲುತ್ತದೆ. ಆಗ ಸೆಟ್ಟಿಂಗ್ಸ್‌ನಲ್ಲಿ ಕ್ವಾಲಿಟಿ ಒಂದು ಮೆಟ್ಟಿಲು ಇಳಿಸುವುದು ಹೇಗೆಂದು ಅಪ್ಪನಿಗೆ ಹೇಳಿಕೊಡು.

ಹೇಳಿಕೊಡುವಾಗ ಅವಸರ ಮಾಡಬೇಡ. ತಾವೇ ಏನೋ ಒತ್ತಿ ಹಾಳು ಮಾಡಿದೆವು ಅಂದುಕೊಂಡು, ನಿನ್ನ ಕೆಲಸ ಕೆಡುತ್ತದೆ ಎಂದು ಫೋನೂ ಮಾಡದೆ, ಟಿವಿ ಆರಿಸಿ ಕೂರುವವರು ಅವರು. ರೂಟರ್ ಬಳಿ ಕರೆದುಕೊಂಡು ಹೋಗಿ ಎಲ್‌ಒಎಸ್ ದೀಪ ತೋರಿಸು. ಅದು ಕೆಂಪಾದರೆ ಫೈಬರ್‌ನಲ್ಲಿ ಸಿಗ್ನಲ್ ಬರುತ್ತಿಲ್ಲ ಎಂದರ್ಥ, ಅದರಲ್ಲಿ ಅವರ ತಪ್ಪೇನೂ ಇಲ್ಲ, ಯಾರ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದು ರೂಟರ್ ಮೇಲಿನ ಗೋಡೆಗೆ ಅಂಟಿಸಿ ಬಾ.