ಸ್ಪರ್ಶಜ್ಞಾನವಿಲ್ಲದ ಪಾದಕ್ಕೆ ತಕ್ಕ ಪಾದರಕ್ಷೆ

ಸಕ್ಕರೆ ಕಾಯಿಲೆ ಅಥವಾ ಕುಷ್ಠರೋಗದಿಂದ ನರಗಳು ಕುಂದಿದಾಗ ಅಂಗಾಲು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತದೆ. ಮುಳ್ಳು ನಾಟಿದರೂ ಬೊಕ್ಕೆ ಎದ್ದರೂ ನೋವು ತಿಳಿಯದು. ಗಾಯದ ಮೇಲೆಯೇ ನಡೆಯುತ್ತ ಹೋದರೆ ಹುಣ್ಣು ಮೂಳೆಯವರೆಗೆ ಇಳಿದು ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು.

ಇದನ್ನು ತಡೆಯಲು ದುಬಾರಿ ಪಾದರಕ್ಷೆಯೇ ಬೇಕೆಂದಿಲ್ಲ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಅವರು 1950ರ ದಶಕದಲ್ಲಿ ಇಂತಹ ಪಾದಗಳಿಗೆ ಮೆತ್ತನೆಯ ರಬ್ಬರಿನ ಅಟ್ಟೆಯನ್ನು ಬಳಕೆಗೆ ತಂದರು. ಎಂ.ಸಿ.ಆರ್. ಎಂಬ ಈ ಅಟ್ಟೆಯು ದೇಹದ ಭಾರವನ್ನು ಪಾದದ ತುಂಬ ಹಂಚುತ್ತದೆ. ಅದರ ಕೆಳಗಿನ ಗಟ್ಟಿ ಅಟ್ಟೆಯು ಮುಳ್ಳನ್ನು ತಡೆಯುತ್ತದೆ. ಕುಷ್ಠರೋಗದಿಂದ ಪಾದ ಮರಗಟ್ಟಿದವರಿಗೆ ಇದನ್ನು ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಡಿ ಉಚಿತವಾಗಿ ಕೊಡಲಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ಸಕ್ಕರೆ ಕಾಯಿಲೆಯುಳ್ಳವರು ವೈದ್ಯರ ಸಲಹೆ ಪಡೆದು, ಅಳತೆ ಕೊಟ್ಟು ಮಾಡಿಸಿಕೊಳ್ಳಬಹುದು.

ಸಂಜೆಯ ವೇಳೆಗೆ ಪಾದ ತುಸು ಊದಿರುವುದರಿಂದ ಆಗಲೇ ಅಳತೆ ಕೊಡುವುದು ಲೇಸು. ಕಾಗದದ ಮೇಲೆ ನಿಂತು ಎರಡೂ ಪಾದಗಳ ಸುತ್ತ ಗೆರೆ ಎಳೆಸಿರಿ. ಅಟ್ಟೆಗೆ ಮೊಳೆ ಹೊಡೆಯಿಸಬಾರದು. ಚಪ್ಪಲಿ ಜಾರದಂತೆ ಹಿಮ್ಮಡಿಗೆ ಪಟ್ಟಿ ಇರಲಿ. ಮೆತ್ತನೆಯ ಅಟ್ಟೆ ಸವೆದು ಚಪ್ಪಟೆಯಾದರೆ ಬದಲಾಯಿಸಿರಿ.

ಪಾದರಕ್ಷೆಯೊಂದೇ ಸಾಲದು. ತನ್ನ ಅಂಗಾಲನ್ನು ತಾನೇ ನೋಡಿಕೊಳ್ಳುವುದು ಕಷ್ಟ. ಆದುದರಿಂದ ಪ್ರತಿ ರಾತ್ರಿ ಪತಿಯ ಪಾದವನ್ನು ಪತ್ನಿಯೂ, ಪತ್ನಿಯ ಪಾದವನ್ನು ಪತಿಯೂ ಬೆಳಕಿನಲ್ಲಿ ಪರೀಕ್ಷಿಸಬೇಕು. ಇದರಲ್ಲಿ ಸಂಕೋಚ ಸಲ್ಲದು. ಕೆಂಪು, ಊತ, ಬೊಕ್ಕೆ ಅಥವಾ ಗಾಯ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿರಿ.