ಭಾರತದಲ್ಲಿ ಆರಂಭಿಕ ವಿಮಾನ ನೆಲೆಗಳು ಮತ್ತು ನಾಗರಿಕ ಪೈಲಟ್ ತರಬೇತಿ
ಸೇನೆಗೆ ಸೇರದವರಿಗೂ ವಿಮಾನ ಹಾರಿಸುವುದನ್ನು ಕಲಿಸುವ ಫ್ಲೈಯಿಂಗ್ ಕ್ಲಬ್‌ಗಳು ಭಾರತದಲ್ಲಿ 1920ರ ದಶಕದ ಕೊನೆಯಲ್ಲಿ ದೆಹಲಿ, ಮುಂಬೈ ಮೊದಲಾದ ನಗರಗಳಲ್ಲಿ ಆರಂಭವಾದವು. ಮುಂಬೈ ಕ್ಲಬ್ಬಿನಲ್ಲಿ ಕಲಿತ ಜೆ.ಆರ್.ಡಿ. ಟಾಟಾ ಅವರು 1929ರ ಫೆಬ್ರವರಿ 10ರಂದು ದೇಶದಲ್ಲಿ ನೀಡಲಾದ ಮೊದಲ ಪೈಲಟ್ ಲೈಸೆನ್ಸ್ ಪಡೆದರೆ, 1936ರಲ್ಲಿ ಸರಳಾ ಠಕ್ರಾಲ್ ಲೈಸೆನ್ಸ್ ಪಡೆದು ಭಾರತದ ಆರಂಭಿಕ ಮಹಿಳಾ ಪೈಲಟ್‌ಗಳಲ್ಲಿ ಒಬ್ಬರಾದರು.

ಲಂಡನ್ನಿನಿಂದ ಕರಾಚಿಗೆ ಬರುತ್ತಿದ್ದ ಅಂಚೆಯನ್ನು ದಕ್ಷಿಣಕ್ಕೆ ಸಾಗಿಸಲು 1932ರ ಅಕ್ಟೋಬರ್ 15ರಂದು ಆರಂಭವಾದ ಟಾಟಾ ಸೇವೆಯು ಪ್ರಾದೇಶಿಕ ವಿಮಾನ ನೆಲೆಗಳ ಇತಿಹಾಸದಲ್ಲಿ ನಿರ್ಣಾಯಕವಾದುದು. ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನವನ್ನು ಟಾಟಾ ಅವರೇ ಕರಾಚಿಯಿಂದ ಮುಂಬೈನ ಜುಹುವಿಗೆ ತಂದರು. ನಡುವೆ ಅಹಮದಾಬಾದಿನಲ್ಲಿ ಎತ್ತಿನ ಗಾಡಿಯಲ್ಲಿ ಬಂದ ಡಬ್ಬಗಳಿಂದ ಇಂಧನ ತುಂಬಲಾಯಿತು ಎಂಬುದು ಅಂದಿನ ನೆಲೆಗಳ ಬಡತನವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಜುಹುವಿನ ಮಣ್ಣಿನ ಅಂಗಳ ಮಳೆಗಾಲದಲ್ಲಿ ಜಲಾವೃತವಾಗುತ್ತಿದ್ದುದರಿಂದ ಆ ಅವಧಿಯಲ್ಲಿ ಸೇವೆಯನ್ನು ಪುಣೆಗೆ ಸ್ಥಳಾಂತರಿಸಬೇಕಾಗುತ್ತಿತ್ತು. ಮುಂಬೈನಿಂದ ಮುಂದಕ್ಕೆ ಪೈಲಟ್ ನೆವಿಲ್ ವಿನ್ಸೆಂಟ್ ಅವರು ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ವಿಮಾನ ಒಯ್ದುದರಿಂದ ಬಳ್ಳಾರಿಗೆ ಈ ಮಾರ್ಗದಲ್ಲಿ ಗೌರವದ ಸ್ಥಾನವಿದ್ದು, ಪಠ್ಯಗಳಲ್ಲಿ ಅದಕ್ಕೆ ಇನ್ನಷ್ಟು ಜಾಗ ಸಿಗಬೇಕು.

ಮೈಸೂರು ಸಂಸ್ಥಾನದಲ್ಲಿ 1940ರಲ್ಲಿ ವಾಲಚಂದ್ ಹೀರಾಚಂದ್ ಅವರು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ನಾಗರಿಕ ಪೈಲಟ್‌ಗಳ ತರಬೇತಿಗಾಗಿ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆ 1940ರ ದಶಕದ ಕೊನೆಯಲ್ಲಿ ಸ್ಥಾಪನೆಯಾಯಿತು.

ಮೊದಲ ಅಂಚೆ ಮಾರ್ಗದ ಅನುಕ್ರಮವನ್ನು ಅಭ್ಯರ್ಥಿಗಳು ನೆನಪಿಡಬೇಕು: ಕರಾಚಿ, ಅಹಮದಾಬಾದ್, ಮುಂಬೈ, ಬಳ್ಳಾರಿ, ಮದ್ರಾಸ್.